ಬಾವಿ ಬತ್ತಿದ ಕಾಲದ ಪ್ರಾರ್ಥನೆ

ಪ್ರಶ್ನೆ: ಫಾದರ್, ನನಗೆ ಐವತ್ತೆರಡು ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ಏಳು ವರ್ಷದ ಹಿಂದೆ ಒಂದು ಧ್ಯಾನಕೂಟಕ್ಕೆ ಹೋಗಿ ಬಂದ ಮೇಲೆ ಪ್ರಾರ್ಥನೆಗೆ ಕೂತರೆ ಸಾಕು, ಕಣ್ಣೀರು ಬರುತ್ತಿತ್ತು, ಮನಸ್ಸು ಹಗುರವಾಗುತ್ತಿತ್ತು. ಈಗ ಎರಡು ವರ್ಷದಿಂದ ಏನೂ ಇಲ್ಲ. ಜಪಸರ ಹಿಡಿದರೆ ಮನಸ್ಸು ಒಲೆ ಮೇಲಿನ ಸಾರಿನ ಕಡೆ, ಅಡಿಕೆ ಕೊನೆ ಕೊಯ್ಲಿನ ಆಳುಗಳ ಕಡೆ ಓಡುತ್ತದೆ. ಭಾನುವಾರದ ಪೂಜೆ ತಪ್ಪಿಸಿಲ್ಲ. ಆದರೂ ವಿಶ್ವಾಸದಲ್ಲಿ ಬೆಳೆಯುವುದಿರಲಿ, ಹಿಂದಕ್ಕೇ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಮನಸ್ಸಿಲ್ಲದೆ ಬಾಯಲ್ಲಿ ಹೇಳುವುದು ಕಪಟವಲ್ಲವೇ? ಸಂಜೆ ಪ್ರಾರ್ಥನೆ ನಿಲ್ಲಿಸಿಬಿಡಲೇ? ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ವಿಷಯಕ್ಕೆ ಓರಗಿತ್ತಿ ಜೊತೆ ಮೂರು ವರ್ಷದಿಂದ ಮಾತಿಲ್ಲ, ಅದು ಬೇರೆ ವಿಷಯ. ಮಿಕ್ಕಂತೆ ಮನೆಯಲ್ಲಿ ತೊಂದರೆಯೇನಿಲ್ಲ.

ಉತ್ತರ: ಸಂಜೆ ಪ್ರಾರ್ಥನೆ ನಿಲ್ಲಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ, ಇದೊಂದನ್ನು ಈ ಸಂಜೆಯಿಂದಲೇ ಪಾಲಿಸಿ. ಯೇಸುಸಭೆ ಎಂಬ ಸನ್ಯಾಸಿ ಸಂಘವನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ (1491–1556) ಆತ್ಮದ ಬರಗಾಲದ ಬಗ್ಗೆ ಕೊಟ್ಟ ನಿಯಮಗಳಲ್ಲಿ ಇದು ಮುಖ್ಯವಾದದ್ದು: ಮನಸ್ಸು ತಿಳಿಯಾಗಿದ್ದಾಗ ಮಾಡಿದ ತೀರ್ಮಾನವನ್ನು ಮನಸ್ಸು ಬತ್ತಿದಾಗ ಬದಲಿಸಬಾರದು. ಎದ್ದುಬಿಡೋಣ ಅನ್ನಿಸಿದ ದಿನ ಗೊತ್ತುಮಾಡಿಕೊಂಡ ಹೊತ್ತಿಗಿಂತ ತುಸು ಹೆಚ್ಚೇ ಕೂರಬೇಕು ಎಂದೂ ಅವರು ಹೇಳುತ್ತಾರೆ. ನಿಮಗೆ ಅರ್ಧ ಗಂಟೆ ಹೇಳುವುದಿಲ್ಲ. ಜಪಸರ ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಕೂತು ಏಳಿ, ಸಾಕು.

ಕಪಟ ಅಂದಿರಿ. ಇಲ್ಲದ್ದನ್ನು ಇದೆ ಎಂದು ಜನರಿಗೆ ತೋರಿಸುವುದು ಕಪಟ. ಏನೂ ಇಲ್ಲ ಎಂದು ಗೊತ್ತಿದ್ದೂ ದೇವರ ಮುಂದೆ ಹೋಗಿ ಕೂರುವುದು ಅದಕ್ಕೆ ತೀರಾ ತದ್ವಿರುದ್ಧ. ಮಗುವಿಗೆ ಜ್ವರ ಬಂದ ರಾತ್ರಿ ಎರಡು ಗಂಟೆಗೆ ಎದ್ದು ಹಣೆಗೆ ಒದ್ದೆಬಟ್ಟೆ ಹಾಕುವಾಗ ಅಕ್ಕರೆ ಉಕ್ಕುತ್ತಿತ್ತೇ? ನಿದ್ದೆಗಣ್ಣು, ಸುಸ್ತು, ಅಷ್ಟೇ. ಅದನ್ನು ಯಾರೂ ಕಪಟ ಅನ್ನಲಿಲ್ಲ. ಬೈಬಲಿನ ಎಂಬತ್ತೆಂಟನೆಯ ಕೀರ್ತನೆ ಓದಿ ನೋಡಿ. ಮಿಕ್ಕ ಸಂಕಟದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಒಂದು ಸಮಾಧಾನದ ಮಾತಿಗೆ ತಿರುಗುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಧರ್ಮಸಭೆ ಅದನ್ನು ಬಚ್ಚಿಡಲಿಲ್ಲ, ಶುಕ್ರವಾರದ ರಾತ್ರಿ ಪ್ರಾರ್ಥನೆಗೆ ಇಟ್ಟಿತು. ನಾನೂ ವಾರಕ್ಕೊಮ್ಮೆ ಮಲಗುವ ಮುನ್ನ ಅದನ್ನೇ ಹೇಳುತ್ತೇನೆ. ಎಷ್ಟೋ ಶುಕ್ರವಾರ ಅದು ನನ್ನದೇ ಮಾತಾಗಿರುತ್ತದೆ.

ನಿಮ್ಮ ಪತ್ರ ಓದುವಾಗ ನೆನಪಾದವರು ಆವಿಲಾದ ಸಂತ ತೆರೇಸಾ (1515–1582). ಸ್ಪೇನಿನ ಒಣ ಸೀಮೆಯವರು, ನೀರಿನ ಬೆಲೆ ಗೊತ್ತಿದ್ದವರು. ಪ್ರಾರ್ಥನೆಯನ್ನು ಅವರು ತೋಟಕ್ಕೆ ನೀರು ಹಾಯಿಸುವುದಕ್ಕೆ ಹೋಲಿಸಿದರು. ಬಾವಿಯಿಂದ ಕೈಯಾರೆ ಸೇದಿ ಹಾಕುವುದು ಒಂದು ಬಗೆ, ಎಲ್ಲಕ್ಕಿಂತ ಹೆಚ್ಚು ರಟ್ಟೆ ನೋಯುವುದು ಇದರಲ್ಲೇ. ಚಕ್ರ ಕಟ್ಟಿ ನೀರೆತ್ತುವುದು ಎರಡನೆಯದು. ಹೊಳೆಯಿಂದಲೋ ಹಳ್ಳದಿಂದಲೋ ಹರಿಸಿಕೊಳ್ಳುವುದು ಮೂರನೆಯದು. ನಾಲ್ಕನೆಯದು ಮಳೆ. ಅಲ್ಲಿ ತೋಟದವನ ಶ್ರಮವೇ ಇಲ್ಲ, ಎಲ್ಲ ದೇವರದ್ದು. ಧ್ಯಾನಕೂಟದಿಂದ ಬಂದ ಹೊಸತರಲ್ಲಿ ನಿಮ್ಮ ಮೇಲೆ ಸುರಿದದ್ದು ಒಂದು ಹದಮಳೆ ಎಂದುಕೊಳ್ಳಿ. ಈಗ ಹಗ್ಗ, ಕೊಡ ಹಿಡಿಯುವ ಕಾಲ. ಬಾವಿಯಲ್ಲೇ ನೀರಿಲ್ಲದಿದ್ದರೆ? ಅದನ್ನೂ ತೆರೇಸಾ ಕೇಳಿಕೊಂಡಿದ್ದರು. ತೋಟದವನು ತನ್ನ ಪಾಲಿನ ಕೆಲಸ ಬಿಡದಿದ್ದರೆ ದೇವರು ನೀರಿಲ್ಲದೆಯೂ ಗಿಡ ಉಳಿಸುತ್ತಾರೆ ಎಂಬುದು ಅವರ ಅನುಭವದ ಮಾತು. ಅನುಭವ ಎಂದೇಕೆ ಹೇಳುತ್ತೇನೆಂದರೆ, ಕೆಲವು ವರ್ಷ ಪ್ರಾರ್ಥನೆಗೆ ಕೂತಾಗ ಗಡಿಯಾರ ಯಾವಾಗ ಹೊಡೆದೀತು ಎಂದು ಕಿವಿಗೊಟ್ಟು ಕಾಯುತ್ತಿದ್ದೆ ಎಂದು ಅವರೇ ಬರೆದುಕೊಂಡಿದ್ದಾರೆ. ಅಂಥವರನ್ನು ಧರ್ಮಸಭೆ 1970ರಲ್ಲಿ ತನ್ನ ಪಂಡಿತರ ಸಾಲಿಗೆ ಸೇರಿಸಿತು, ಆ ಸಾಲಿಗೆ ಸೇರಿದ ಮೊದಲ ಮಹಿಳೆ ಅವರು. ಆಗುಂಬೆಯ ಮಳೆ ಕಂಡ ನಮಗೂ ಏಪ್ರಿಲ್‌ನಲ್ಲಿ ಬಾವಿಯ ತಳದ ಕಲ್ಲು ಕಾಣುವುದು ಹೊಸದಲ್ಲ. ಹಾಗೆಂದು ಯಾರೂ ಬಾವಿ ಮುಚ್ಚುವುದಿಲ್ಲ.

ಇನ್ನು ಬೆಳವಣಿಗೆಯ ಲೆಕ್ಕ. ಅಡಿಕೆ ಮರದ ಸ್ವಭಾವ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಒಂದು ಬೇಸಿಗೆ ನೀರು ತಪ್ಪಿದರೆ ಅದರ ಪೆಟ್ಟು ಆ ವರ್ಷಕ್ಕೇ ಮುಗಿಯುವುದಿಲ್ಲ, ಮುಂದಿನ ವರ್ಷದ ಸಿಂಗಾರದ ಹೂಗೊಂಚಲಲ್ಲೂ ಕಾಣುತ್ತದೆ. ಮಾಡಿದ ಆರೈಕೆ ಕಾಣುವುದೂ ಹಾಗೇ ತಡವಾಗಿ. ಇವತ್ತು ಒಣಗಿದ ಮನಸ್ಸಿನಿಂದ ಹೇಳಿದ ಜಪಸರಕ್ಕೆ ಇವತ್ತು ರಾತ್ರಿಯೇ ಫಲ ಹುಡುಕಬೇಡಿ. ಹುಡುಕುವುದಾದರೂ ಎಲ್ಲಿ ಹುಡುಕಬೇಕು? ಪೌಲರು ಗಲಾತ್ಯದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಪವಿತ್ರಾತ್ಮರ ಫಲಗಳನ್ನು ಎಣಿಸಿದ್ದಾರೆ: ಪ್ರೀತಿ, ಆನಂದ, ಶಾಂತಿ, ಸಹನೆ, ದಯೆ, ಒಳ್ಳೆಯತನ, ನಂಬಿಗಸ್ತಿಕೆ, ಸೌಮ್ಯತೆ, ಸಂಯಮ. ಕಣ್ಣೀರು ಆ ಪಟ್ಟಿಯಲ್ಲಿಲ್ಲ. ಇರುವವುಗಳಲ್ಲಿ ಸಹನೆ, ದಯೆ, ಸೌಮ್ಯತೆ ಒಬ್ಬರೇ ಕೋಣೆಯಲ್ಲಿ ಕೂತು ಬೆಳೆಸುವಂಥವಲ್ಲ. ಎದುರಿಗೊಬ್ಬ ಮನುಷ್ಯ ಬೇಕು, ಅದೂ ನಮಗೆ ಒಗ್ಗದ ಮನುಷ್ಯ.

ಅದಕ್ಕೇ ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಕೊನೆಯ ಸಾಲು. ಓರಗಿತ್ತಿಯ ವಿಷಯ ಬೇರೆ ಅಂದಿರಿ. ಬೇರೆಯಲ್ಲ. ಮಾತು ಬಿಟ್ಟು ಮೂರು ವರ್ಷ, ಪ್ರಾರ್ಥನೆ ಒಣಗಿ ಎರಡು. ಅದರಿಂದಲೇ ಇದು ಆಯಿತು ಎಂದು ದೂರದಲ್ಲಿ ಕೂತು ತೀರ್ಪು ಕೊಡಲಾರೆ. ಬರ ಎಂಬುದು ಯಾವಾಗಲೂ ತಪ್ಪಿಗೆ ಬರುವ ಶಿಕ್ಷೆಯಲ್ಲ: ಮದರ್ ತೆರೇಸಾ ಸುಮಾರು ಅರ್ಧ ಶತಮಾನ ಇಂಥ ಕತ್ತಲೆಯಲ್ಲೇ ನಡೆದರು ಎಂಬುದು 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಹೊರಬಂದಾಗ ಲೋಕಕ್ಕೆಲ್ಲ ತಿಳಿಯಿತು. ಆದರೆ ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ಮಾತಿನ ಹದ ನೋಡಿ. ಕಾಣಿಕೆ ಕೊಡಲು ಬಂದವನಿಗೆ ಪೀಠದ ಮುಂದೆ ನೆನಪಾಗುವುದು ತನಗೆ ಯಾರ ಮೇಲೆ ಸಿಟ್ಟಿದೆ ಎಂದಲ್ಲ, ತನ್ನ ಮೇಲೆ ಸೋದರನಿಗೆ ಏನೋ ಮನಸ್ತಾಪವಿದೆ ಎಂದು. ಯಾರದು ಸರಿ ಎಂದು ಸ್ವಾಮಿ ಅಲ್ಲಿ ಕೇಳುವುದೇ ಇಲ್ಲ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗು, ರಾಜಿಯಾಗಿ ಬಂದು ಕೊಡು ಅನ್ನುತ್ತಾರೆ. ಹೋಗಬೇಕಾದವನು ಯಾರಿಗೆ ನೆನಪಾಯಿತೋ ಅವನೇ. ಪತ್ರ ಬರೆಯುವಾಗ ಆಕೆ ನಿಮಗೆ ನೆನಪಾದರು.

ಹೋಗಿ. ಮೊದಲ ದಿನ ನೀರಿನ ಮಾತು ಎತ್ತಬೇಡಿ. ಯಾರ ಸರದಿ, ಪೈಪು ಯಾರು ತಿರುಗಿಸಿದರು ಎಂಬುದನ್ನು ಮುಂದೆ ಎರಡೂ ಮನೆಯವರು ಹಿರಿಯರೊಬ್ಬರನ್ನು ಕೂರಿಸಿಕೊಂಡು ತೀರಿಸಿಕೊಳ್ಳಬಹುದು. ಕ್ಷಮಿಸುವುದೆಂದರೆ ನಿಮ್ಮ ಪಾಲಿನ ನೀರು ಬಿಟ್ಟುಕೊಡುವುದಲ್ಲ. ಹಿತ್ತಿಲ ಸೌತೆಕಾಯಿಯೋ ಒಂದು ಚಿಪ್ಪು ಬಾಳೆಹಣ್ಣೋ ತೆಗೆದುಕೊಂಡು ಹೋಗಿ, ಮಕ್ಕಳನ್ನು ವಿಚಾರಿಸಿ ಬನ್ನಿ. ಬಾಗಿಲು ತೆಗೆಯದಿದ್ದರೆ ಜಗುಲಿಯ ಮೇಲೆ ಇಟ್ಟು ಬನ್ನಿ. ಹೋಗುವ ಧೈರ್ಯ ಇನ್ನೂ ಬಾರದಿದ್ದರೆ ಜಪಸರದ ಕೊನೆಯ ಹತ್ತು ಮಣಿಗಳನ್ನು ಆಕೆಯ ಹೆಸರಿಗೆ ಇಡಿ. ಮನಸ್ಸು ಸಾರಿನ ಕಡೆ ಓಡಿದರೆ ಓಡಲಿ, ಆ ಹತ್ತು ನಮೋ ಮರಿಯೆ ಜಪ ಮಾತ್ರ ಬಿಡಬೇಡಿ.

ಇನ್ನೊಂದು ಮಾತು, ಇದನ್ನು ಹೇಳದೆ ಇರಲಾರೆ. ಪ್ರಾರ್ಥನೆ ಮಾತ್ರವಲ್ಲದೆ ಊಟ, ನಿದ್ದೆ, ತೋಟದ ಕೆಲಸ, ಮೊಮ್ಮಕ್ಕಳ ಆಟ ಎಲ್ಲವೂ ಸಪ್ಪೆ ಅನ್ನಿಸುತ್ತಿದ್ದರೆ ಅದು ಆತ್ಮದ ಬರ ಮಾತ್ರವಾಗಿರಲಿಕ್ಕಿಲ್ಲ, ಖಿನ್ನತೆ ಇರಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಹೋಗಿ ತೋರಿಸಿ. ಮಾತ್ರೆ ತೆಗೆದುಕೊಂಡರೆ ವಿಶ್ವಾಸಕ್ಕೆ ಕುಂದಿಲ್ಲ. ವೈದ್ಯರ ಕೈಯೂ ದೇವರು ಕೊಟ್ಟದ್ದೇ.

ಪ್ರಶ್ನೆ: ನಾನು ಭದ್ರಾವತಿಯವನು, ಇಪ್ಪತ್ತೆರಡು ವರ್ಷ, ಕಥೋಲಿಕ. ಪ್ರೊಟೆಸ್ಟೆಂಟ್ ಸಭೆಗೆ ಹೋಗುವ ಗೆಳೆಯ "ನಂಬಿಕೆ ಒಂದೇ ಸಾಕು, ನೀವು ಕ್ರಿಯೆಗಳಿಂದ ಸ್ವರ್ಗ ಸಂಪಾದಿಸಲು ಹೊರಟವರು" ಎನ್ನುತ್ತಾನೆ. ಏನು ಉತ್ತರ ಕೊಡಲಿ?

ಉತ್ತರ: ಸ್ವರ್ಗವನ್ನು ಸಂಪಾದಿಸಬಹುದು ಎಂದು ನಮ್ಮ ಧರ್ಮಸಭೆ ಕಲಿಸುವುದಿಲ್ಲ, ಹಾಗಾಗಿ ಆ ಆರೋಪವನ್ನು ನೀವು ಹೊತ್ತುಕೊಳ್ಳಬೇಕಿಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಇದೇ ವಿಷಯಕ್ಕೆ ಸೇರಿ ಸಹಿ ಹಾಕಿದವು: ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೇವಲ ಕೃಪೆಯಿಂದ, ಕ್ರಿಸ್ತರಲ್ಲಿಟ್ಟ ವಿಶ್ವಾಸದ ಮೂಲಕ, ಆ ಕೃಪೆಯೇ ಸತ್ಕಾರ್ಯಗಳಿಗೆ ನಮ್ಮನ್ನು ಸಜ್ಜುಗೊಳಿಸುತ್ತದೆ. ಮೆಥಡಿಸ್ಟರು 2006ರಲ್ಲಿ ಇದಕ್ಕೆ ಜೊತೆಗೂಡಿದರು. ಎಲ್ಲ ಭಿನ್ನಾಭಿಪ್ರಾಯ ತೀರಿತು ಎಂದಲ್ಲ. ಆದರೆ ಸುಮಾರು ಐನೂರು ವರ್ಷದ ಹಿಂದಿನ ಜಗಳವನ್ನು ನೀವಿಬ್ಬರೂ ಇಂದಿಗೂ ಅದೇ ಮಾತಿನಲ್ಲಿ ಆಡಬೇಕಿಲ್ಲ.

ಅವನಿಗೆ ವಾದದಲ್ಲಿ ಉತ್ತರ ಕೊಡಬೇಡಿ. ಒಂದು ಸಂಜೆ ಇಬ್ಬರೂ ಕೂತು ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ತೆರೆಯಿರಿ. ಕೃಪೆಯಿಂದ, ವಿಶ್ವಾಸದ ಮೂಲಕ ಉದ್ಧಾರವಾದಿರಿ ಎನ್ನುವ ಎಂಟನೆಯ ವಾಕ್ಯ ಅವನು ಓದಲಿ, ಅವನಿಗೆ ಅದು ಬಾಯಿಪಾಠ ಇರುತ್ತದೆ. ಅದು ಕ್ರಿಯೆಗಳಿಂದ ಆದದ್ದಲ್ಲ ಎನ್ನುವ ಒಂಬತ್ತನ್ನು ನೀವು ಓದಿ. ಸತ್ಕಾರ್ಯಗಳಿಗಾಗಿಯೇ ಸೃಷ್ಟಿಯಾದೆವು ಎನ್ನುವ ಹತ್ತನೆಯದನ್ನು ಇಬ್ಬರೂ ಸೇರಿ ಓದಿ.