ಸ್ಥಿರಾಸ್ತಿಯಲ್ಲಿ ಹೂಡಿಕೆ: ಹೊಸಬರು ಎಲ್ಲಿಂದ ಆರಂಭಿಸಬೇಕು?

ಮೊದಲ ಬಾರಿಗೆ ಸ್ಥಿರಾಸ್ತಿಯಲ್ಲಿ ಹಣ ತೊಡಗಿಸುವವರು, ಆಸ್ತಿಗಳನ್ನು ನೋಡಲು ಹೊರಡುವ ಮುನ್ನವೇ, ತಮಗೆ ಬೇಕಾಗಿರುವುದು ಪ್ರತಿ ತಿಂಗಳ ಬಾಡಿಗೆ ಆದಾಯವೋ ಅಥವಾ ಹಲವು ವರ್ಷಗಳ ನಂತರ ಮಾರಿದಾಗ ದೊರೆಯುವ ಲಾಭವೋ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಖಾಲಿ ನಿವೇಶನದಿಂದ ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ನಿರೀಕ್ಷಿಸಬಹುದು.

ಬಾಡಿಗೆಯೇ ಉದ್ದೇಶವಾದರೆ ಲೆಕ್ಕ ನಿಷ್ಠುರವಾಗಿರಲಿ. ವಾರ್ಷಿಕ ಬಾಡಿಗೆಯಿಂದ ತೆರಿಗೆ, ವಿಮೆ, ದುರಸ್ತಿ ಮತ್ತು ಮನೆ ಖಾಲಿ ಉಳಿಯಬಹುದಾದ ತಿಂಗಳುಗಳ ನಷ್ಟವನ್ನು ಕಳೆದು, ಉಳಿದ ಮೊತ್ತವನ್ನು ನೋಂದಣಿ ವೆಚ್ಚವೂ ಸೇರಿದ ಒಟ್ಟು ಖರೀದಿ ಬೆಲೆಯಿಂದ ಭಾಗಿಸಿದಾಗ ಬರುವುದೇ ನಿಜವಾದ ಪ್ರತಿಫಲ. (ಮಾರುವವರು ಹೇಳುವ ಅಂಕಿಯಲ್ಲಿ ಈ ಕಡಿತಗಳು ಸಾಮಾನ್ಯವಾಗಿ ಕಾಣುವುದಿಲ್ಲ.) ನಿಜವಾದ ಪ್ರತಿಫಲ ಸಾಲದ ಬಡ್ಡಿದರಕ್ಕಿಂತ ಕಡಿಮೆಯಿದ್ದರೆ, ಸಾಲ ಹೆಚ್ಚಿದಷ್ಟೂ ಹೊರೆಯೂ ಹೆಚ್ಚುತ್ತದೆ.

ಸಾಲವು ಲಾಭವನ್ನು ಹಿಗ್ಗಿಸುವಂತೆಯೇ ನಷ್ಟವನ್ನೂ ಹಿಗ್ಗಿಸುತ್ತದೆ: ಬೆಲೆಯ ಶೇ. 20ರಷ್ಟನ್ನು ಸ್ವಂತ ಹಣದಿಂದ ಕೊಟ್ಟು, ಉಳಿದದ್ದಕ್ಕೆ ಸಾಲ ಪಡೆದು ಕೊಂಡ ಆಸ್ತಿಯ ಬೆಲೆ ಶೇ. 10ರಷ್ಟು ಕುಸಿದರೆ, ಸ್ವಂತ ಬಂಡವಾಳದ ಅರ್ಧ ಭಾಗ ಕರಗಿದಂತೆ. ಸ್ಥಿರಾಸ್ತಿಯನ್ನು ಬೇಕೆಂದ ದಿನವೇ ಮಾರಿ ನಗದಾಗಿಸಲೂ ಆಗದು. ಆದ್ದರಿಂದ ಕೆಲವು ತಿಂಗಳ ಕಂತು ಮತ್ತು ಮನೆಖರ್ಚಿಗೆ ಸಾಲುವಷ್ಟು ಹಣವನ್ನು ಪ್ರತ್ಯೇಕವಾಗಿ ಇರಿಸಿಕೊಳ್ಳದೆ ಮುಂದುವರಿಯುವುದನ್ನು ನಾನು ಹೂಡಿಕೆ ಎಂದು ಪರಿಗಣಿಸುವುದಿಲ್ಲ.

ಒಡೆತನದ ದಾಖಲೆ, ಋಣಭಾರ ಮತ್ತು ಕಟ್ಟಡದ ಪರವಾನಗಿಗಳನ್ನು ಸ್ವತಂತ್ರ ವಕೀಲರಿಂದ ಪರಿಶೀಲಿಸಿಕೊಳ್ಳಿ. ಮಾರುವವರೇ ಸೂಚಿಸಿದ ವಕೀಲರು ಬೇಡ.

ಬಂಡವಾಳ ಅಲ್ಪವಾಗಿದ್ದರೆ, ಅನೇಕರ ಹಣವನ್ನು ಒಟ್ಟುಗೂಡಿಸಿ ಬಾಡಿಗೆ ತರುವ ಆಸ್ತಿಗಳಲ್ಲಿ ತೊಡಗಿಸುವ ಸಂಸ್ಥೆಗಳಾದ ರೀಟ್‌ಗಳನ್ನು ಪರಿಗಣಿಸಬಹುದು. 1960ರಲ್ಲಿ ಅಮೆರಿಕದ ಕಾನೂನಿನ ಮೂಲಕ ರೂಪುಗೊಂಡು, ಈಗ ಅನೇಕ ದೇಶಗಳಲ್ಲಿರುವ ಈ ಸಂಸ್ಥೆಗಳು ಬಾಡಿಗೆ ಆದಾಯದ ಬಹುಪಾಲನ್ನು ಹೂಡಿಕೆದಾರರಿಗೆ ಹಂಚುತ್ತವೆ; ಷೇರುಪೇಟೆಯಲ್ಲಿ ನೋಂದಾಯಿತವಾಗಿರುವ ರೀಟ್‌ಗಳ ಘಟಕಗಳನ್ನು ಷೇರಿನಂತೆ ಕೊಂಡು ಮಾರಬಹುದು, ಆದರೆ ಅವುಗಳ ಬೆಲೆಯೂ ಪೇಟೆಯೊಂದಿಗೆ ಏರಿಳಿಯುತ್ತದೆ.