ಸ್ಟ್ರೋಕ್ ಆದ ಮೇಲೆ ಅಕ್ಯುಪಂಕ್ಚರ್ ಮಾಡಿಸಿದರೆ ಕೈ ಬರುತ್ತಾ?

ಅಪ್ಪನಿಗೆ ಸ್ಟ್ರೋಕ್ ಆಗಿ 4 ತಿಂಗಳಾಯಿತು, ಈಗ ನಡೆಯುತ್ತಾರೆ, ಆದರೆ ಬಲಗೈ ಮುಷ್ಟಿ ಬಿಗಿದುಕೊಂಡೇ ಇದೆ, ಅಕ್ಯುಪಂಕ್ಚರ್ ಮಾಡಿಸಿದರೆ ಕೈ ಬರುತ್ತಾ ಅಂತ ಕೇಳಿದ್ದೀರಿ. ನನಗೇ ಸ್ಟ್ರೋಕ್ ಆಗಿತ್ತು. ಎಡಗೈ ಹೋಗಿತ್ತು. ಒಟ್ಟು 20 ಸಲ ಸೂಜಿ ಚುಚ್ಚಿಸಿಕೊಂಡಿದ್ದೇನೆ. ಸೂಜಿಯಿಂದ ನನ್ನ ಕೈ ಬರಲಿಲ್ಲ. ಹಾಗಂತ ಮಾಡಿಸಿದ್ದು ಪೂರ್ತಿ ದಂಡ ಅಂತಲೂ ಹೇಳಲ್ಲ.

ಮಲಗಿಸಿ ಭುಜದ ತುದಿಗೆ, ಮೊಣಕೈ ಹೊರಗಡೆಗೆ, ಮಣಿಕಟ್ಟಿನ ಸ್ವಲ್ಪ ಮೇಲೆ, ಹೆಬ್ಬೆರಳು ತೋರುಬೆರಳಿನ ಮಧ್ಯದ ಮೆತ್ತನೆ ಜಾಗಕ್ಕೆ ಸೂಜಿ ಹಾಕುತ್ತಿದ್ದರು. ಕೆಲವು ದಿನ ತಲೆಗೂ. ಇಂಜೆಕ್ಷನ್ ಥರ ನೋವಿಲ್ಲ, ಭಾರ ಇಟ್ಟ ಹಾಗೆ ಒಂದು ಥರದ ಸೆಳೆತ ಅಷ್ಟೇ. ಅರ್ಧ ಗಂಟೆ ಬಿಟ್ಟು ಎದ್ದರೆ ಮುಷ್ಟಿ ಸಡಿಲವಾಗಿರುತ್ತಿತ್ತು. ಇನ್ನೊಂದು ಕೈಯಿಂದ ಒಂದೊಂದೇ ಬೆರಳು ಬಿಡಿಸಿದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು. ಮೊದಲ ದಿನ ಅತ್ತೇಬಿಟ್ಟಿದ್ದೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಮೊದಲಿನಂತೆಯೇ ಬಿಗಿ.

ನನ್ನ ಫಿಸಿಯೋಗೆ ಇದನ್ನು ಹೇಳಿದಾಗ ಅವರು ವಾದ ಮಾಡಲಿಲ್ಲ. "ಒಂದು ದಿನ ಸೂಜಿ ಇಲ್ಲದೆ ಹಾಗೇ ಅರ್ಧ ಗಂಟೆ ಮಲಗಿ, ಕೈ ಮೇಲೆ ಬೆಚ್ಚನೆ ಬಟ್ಟೆ ಹಾಕಿಕೊಳ್ಳಿ, ನೋಡೋಣ" ಅಂದರು. ಮಲಗಿದೆ. ಆಗಲೂ ಸಡಿಲವಾಯಿತು! ಸೂಜಿ ಹಾಕಿದ ದಿನಕ್ಕಿಂತ ಒಂಚೂರು ಕಡಿಮೆ ಇತ್ತೇನೋ, ಅಥವಾ ಅದು ನನ್ನ ಆಸೆಯೇನೋ, ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ಓದುತ್ತಾ ಹೋದರೆ ದೊಡ್ಡ ಅಧ್ಯಯನಗಳ ಕಥೆಯೂ ಇದೇ. ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ, ಒಂದು ಚಿಕಿತ್ಸೆ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುತ್ತೆ. ಅವರ 2016ರ ವಿಮರ್ಶೆಯಲ್ಲಿ 31 ಪ್ರಯೋಗ, 2257 ರೋಗಿಗಳ ಲೆಕ್ಕ ಇದೆ. ಸ್ವಲ್ಪ ಉಪಯೋಗ ಕಾಣುತ್ತದೆ, ಆದರೆ ಹೆಚ್ಚಿನ ಪ್ರಯೋಗಗಳನ್ನು ಸರಿಯಾಗಿ ಮಾಡಿಲ್ಲ, ಹಾಗಾಗಿ ಗಟ್ಟಿಯಾಗಿ ಏನೂ ಹೇಳಕ್ಕಾಗಲ್ಲ ಅನ್ನೋದು ಅದರ ತಾತ್ಪರ್ಯ. ಅದಕ್ಕೂ ಮುಂಚೆ 2010ರಲ್ಲಿ ಇನ್ನೊಂದು ವಿಮರ್ಶೆ ಬಂದಿತ್ತು. ಅದರಲ್ಲಿ ನಿಜವಾದ ಅಕ್ಯುಪಂಕ್ಚರನ್ನು ತೋರಿಕೆಯ ಅಕ್ಯುಪಂಕ್ಚರ್ ಜೊತೆ ಹೋಲಿಸಿದ ಪ್ರಯೋಗಗಳನ್ನು ಮಾತ್ರ ತೆಗೆದುಕೊಂಡಿದ್ದರು. ತೋರಿಕೆಯದು ಅಂದರೆ, ಉದಾಹರಣೆಗೆ, ಒಳಗೆ ಹೋಗದೆ ಹಿಡಿಯೊಳಗೇ ಸರಿದುಬಿಡುವ ಸೂಜಿ, ನಾಟಕದ ಚೂರಿ ಇರುತ್ತಲ್ಲ ಹಾಗೆ. ಚೇತರಿಕೆಯಲ್ಲಿ ನಿಜವಾದ ಸೂಜಿಯದೇ ಮೇಲುಗೈ ಅನ್ನೋದು ಅಲ್ಲಿ ಕಾಣಲಿಲ್ಲ.

ಯೋಚಿಸಿದರೆ ಆಶ್ಚರ್ಯ ಏನಿಲ್ಲ. ಕೆಟ್ಟಿರುವುದು ಕೈ ಅಲ್ಲ. ಕೈಗೆ ಹುಕುಂ ಕೊಡುವ ಮಿದುಳಿನ ಜಾಗ, ಇಲ್ಲವೇ ಅಲ್ಲಿಂದ ಇಳಿದು ಬರುವ ನರದ ದಾರಿ. ಮೇಲಿನ ಹಿಡಿತ ತಪ್ಪಿದ್ದಕ್ಕೇ ಬೆರಳು ಮಡಚುವ ಸ್ನಾಯುಗಳು ಬಿಗಿಯುತ್ತವೆ. ಉಳಿದ ಮಿದುಳು ಆ ಕೆಲಸ ಕಲಿಯಬೇಕು ಅಂದರೆ ಅದೇ ಕೆಲಸವನ್ನು ಸಾವಿರ ಸಲ ಮಾಡಿಸಬೇಕು. ಇಲ್ಲೇ ನಾವೆಲ್ಲ ಎಡವುವುದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಥೆರಪಿ ಹೊತ್ತಿನಲ್ಲಿ ರೋಗಿಯ ಕೈ ನಿಜಕ್ಕೂ ಎಷ್ಟು ಸಲ ಕೆಲಸ ಮಾಡುತ್ತೆ ಅಂತ ಕೂತು ಎಣಿಸಿದರು. ಒಂದು ಸಲದ ಥೆರಪಿಗೆ ಸರಾಸರಿ 32. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನೇ ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ನಾನೂ ನನ್ನದನ್ನು ಎಣಿಸಿದೆ. ದಿನಕ್ಕೆ 40 ದಾಟುತ್ತಿರಲಿಲ್ಲ. ನಾಚಿಕೆಯಾಯಿತು.

ಆಮೇಲಿಂದ ಸೂಜಿ ತೆಗೆದ ಕೂಡಲೇ ಆ ಎರಡು ಗಂಟೆಯನ್ನು ಪೂರ್ತಿ ದುಡಿಸಿಕೊಂಡೆ. ಲೋಟ ಹಿಡಿ, ಬಿಡು. ಬಟ್ಟೆ ಕ್ಲಿಪ್ ಒತ್ತು. ಟವೆಲ್ ಮಡಚು. ಹಿಡಿಯೋದಕ್ಕಿಂತ ಬಿಡೋದೇ ಜಾಸ್ತಿ ಕಷ್ಟ, ಅಪ್ಪನಿಗೂ ಹಾಗೇ ಇರಬಹುದು, ಆತುರ ಮಾಡಬೇಡಿ. ಕೈ ಅಲ್ಪಸ್ವಲ್ಪ ಬಂದಿದ್ದು ಇದರಿಂದ ಅಂತ ನನ್ನ ನಂಬಿಕೆ. ಕೊನೆಕೊನೆಗೆ ಸೂಜಿ ಬಿಟ್ಟು ಬರೀ ಬೆಚ್ಚನೆ ಬಟ್ಟೆಗೇ ಬಂದೆ.

ಅಪ್ಪನಿಗೆ ಮಣಿಕಟ್ಟು ಒಂದಿಷ್ಟು ಎತ್ತಲು, ಬೆರಳು ಸ್ವಲ್ಪ ಚಾಚಲು ಆಗುತ್ತಿದ್ದರೆ, ಚೆನ್ನಾಗಿರುವ ಕೈಗೆ ಚೀಲದಂಥ ಗವಸು ಹಾಕಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಥೆರಪಿ ಬಗ್ಗೆ ಫಿಸಿಯೋನ ಕೇಳಿ. 2006ರಲ್ಲಿ ಇದರ ಪ್ರಯೋಗವೊಂದರ ಫಲಿತಾಂಶ ಬಂತು. 222 ಜನ, ಎಲ್ಲರಿಗೂ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿತ್ತು, ಥೆರಪಿ ಬರೀ 2 ವಾರದ್ದು. ವರ್ಷದ ಮೇಲೂ ಅದರ ಲಾಭ ಉಳಿದಿತ್ತು. ನಿಮ್ಮ 4 ತಿಂಗಳು ಸರಿಯಾಗಿ ಆ ಅವಧಿಯೊಳಗೇ ಬರುತ್ತೆ, ಅದಕ್ಕೇ ಹೇಳುತ್ತಿರೋದು. ಬೆರಳು ಅಲ್ಲಾಡುವುದೇ ಇಲ್ಲ ಅಂದರೆ ಇದು ಆಗಲ್ಲ. ಆಗ ಕನ್ನಡಿ ಥೆರಪಿ (ಚೆನ್ನಾಗಿರುವ ಕೈ ಆಡಿಸುತ್ತಾ ಅದನ್ನು ಕನ್ನಡಿಯಲ್ಲಿ ಸೋತ ಕೈಯೇ ಅನ್ನೋ ಹಾಗೆ ನೋಡುವುದು), ಕರೆಂಟ್ ಕೊಟ್ಟು ಸ್ನಾಯು ಕದಲಿಸುವುದು ಇವನ್ನು ಕೇಳಬಹುದು. ಬಿಗಿತವೇ ಅಡ್ಡ ಬರುತ್ತಿದ್ದರೆ ಬೊಟಾಕ್ಸ್ ಇಂಜೆಕ್ಷನ್ ಇದೆ. ಅದು ಸುಮಾರು 3 ತಿಂಗಳು ಸಡಿಲ ಮಾಡುತ್ತೆ, ಅಷ್ಟೇ, ಕೆಲಸ ಕಲಿಸಲ್ಲ.

ಈಗ ನನ್ನ ಪೆದ್ದತನ. ಸೂಜಿ ಹಾಕುತ್ತಿದ್ದವರು ಶುರುವಿನಲ್ಲೇ "ಫಿಸಿಯೋ ನಿಲ್ಲಿಸಿ, ನರಕ್ಕೆ ಗೊಂದಲ ಆಗುತ್ತೆ" ಅಂದಿದ್ದರು. ನಂಬಿ 3 ವಾರ ನಿಲ್ಲಿಸಿದೆ. ಭುಜ ಮರಗಟ್ಟಿ ಹೋಯಿತು, ಅದನ್ನು ಮತ್ತೆ ಎತ್ತಿಸೋಕೆ ತಿಂಗಳುಗಟ್ಟಲೆ ಹಿಡಿಯಿತು. ಯಾರಾದರೂ ಹಾಗೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಇನ್ನೊಮ್ಮೆ ಸೂಜಿ ಹತ್ತಿರ ಗಿಡಮೂಲಿಕೆ ಉರಿಸಿ ಶಾಖ ಕೊಟ್ಟಾಗ, ಸ್ಪರ್ಶ ಇಲ್ಲದ ಕೈ ನೋಡಿ, ಬೊಬ್ಬೆ ಬಂದ ಮೇಲೆಯೇ ಸುಟ್ಟಿದ್ದು ಗೊತ್ತಾಗಿದ್ದು. ಮನೆಯಲ್ಲಿ ಬಟ್ಟೆ ಬಿಸಿ ಮಾಡಿದರೂ ಚೆನ್ನಾಗಿರುವ ಕೈಯಿಂದ ಮೊದಲು ಮುಟ್ಟಿ ನೋಡಲಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಚುಚ್ಚಿಸಬೇಡಿ. ಕೆಲವರು ಸೂಜಿಗೆ ಸಣ್ಣಗೆ ಕರೆಂಟ್ ಹಾಯಿಸುತ್ತಾರೆ, ಪೇಸ್‌ಮೇಕರ್ ಇದ್ದರೆ ಅದು ಬೇಡ. ಸೂಜಿಯನ್ನು ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್‌ನಿಂದ ತೆಗೆಯಬೇಕು.

ಇಷ್ಟಾದ ಮೇಲೂ ಅಪ್ಪನಿಗೆ ಮಾಡಿಸಿಕೊಳ್ಳುವ ಮನಸ್ಸಿದ್ದರೆ ಬೇಡ ಅನ್ನಬೇಡಿ, 6 ಸಲ ಮಾಡಿಸಿ ನೋಡಿ. ಆದರೆ ಶುರು ಮಾಡುವ ಮುಂಚೆ ಒಂದು ಲೆಕ್ಕ ಬರೆದಿಡಿ, ಒಂದು ನಿಮಿಷದಲ್ಲಿ ಎಷ್ಟು ಚಿಕ್ಕ ಮರದ ತುಂಡು ಒಂದು ಡಬ್ಬದಿಂದ ಇನ್ನೊಂದಕ್ಕೆ ಹಾಕುತ್ತಾರೆ ಅಂತ. ವಾರಕ್ಕೊಮ್ಮೆ ಅದೇ ಹೊತ್ತಿಗೆ ಮತ್ತೆ ಎಣಿಸಿ, ಸೂಜಿ ಹಾಕಿದ ದಿನ ಬೇಡ. ಮುಷ್ಟಿ ಹಗುರ ಅನಿಸೋದು ಬೇರೆ, ಅಂಕಿ ಏರೋದು ಬೇರೆ.

ಒಂದು ವಿಷಯ ನೀವು ಬರೆದಿಲ್ಲ. ಯಾರೂ ಬಿಡಿಸದೆ ಅಪ್ಪನ ಬೆರಳು ತಾನಾಗಿ ಒಂಚೂರಾದರೂ ಬಿಚ್ಚುತ್ತಾ? ಅದನ್ನು ಹೇಳಿ.