ಸಿಂಹಗಡದ ಕಲ್ಲು ಜುರಾಸಿಕ್ ಅಲ್ಲ ಮಾರಾಯ್ರೇ

ನಮಸ್ಕಾರ,

ಖಂಡಖಂಡಗಳ ಜುರಾಸಿಕ್ ಕಲ್ಲುಗಳ ಬಗ್ಗೆ ನೀವು ಪುಣೆಯಿಂದ ಕಳಿಸಿದ ಲೇಖನವನ್ನು ಲೋಕಲ್ ಟ್ರೇನಿನಲ್ಲಿ ಒಮ್ಮೆ, ಮಾಟುಂಗಾದ ಮನೆಯಲ್ಲಿ ಇನ್ನೊಮ್ಮೆ ಓದಿದೆ. ಈಗಿರುವ ಹಾಗೆ ನಮ್ಮ ವಾರ್ಷಿಕ ಸಂಚಿಕೆಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಿ ಅಂತಲೂ ಹೇಳುತ್ತಿಲ್ಲ.

ಎಡವಿದ್ದು ಮೊದಲ ಪ್ಯಾರಾದಲ್ಲೇ. ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಿ, ಪಿಠ್ಲ-ಭಾಕರಿ ತಿಂದು, ಅಲ್ಲಿನ ಕರಿಕಲ್ಲು ಮುಟ್ಟಿ ‘ಜುರಾಸಿಕ್ ಕಾಲವನ್ನೇ ಮುಟ್ಟಿದೆ’ ಎಂದಿದ್ದೀರಿ. ಜುರಾಸಿಕ್ ಅಂದರೆ ಸುಮಾರು 20 ಕೋಟಿ ವರ್ಷದ ಹಿಂದಿನಿಂದ 14.5 ಕೋಟಿ ವರ್ಷದ ಹಿಂದಿನವರೆಗೆ. ಸಿಂಹಗಡವಿರುವ ಸಹ್ಯಾದ್ರಿಯ ಲಾವಾ ಹರಿದದ್ದು 6.6 ಕೋಟಿ ವರ್ಷದ ಆಸುಪಾಸಿನಲ್ಲಿ, ಡೈನೋಸಾರ್‌ಗಳ ಕೊನೆಗಾಲದಲ್ಲಿ. ಸಿನಿಮಾದ ದೆಸೆಯಿಂದ ಹಳೆಯದೆಲ್ಲ ನಮಗೆ ಜುರಾಸಿಕ್ ಆಗಿಬಿಟ್ಟಿದೆ, ನಿಮ್ಮೊಬ್ಬರ ತಪ್ಪಲ್ಲ ಬಿಡಿ.

ಆಮೇಲೆ ಸಿಂಹಗಡವನ್ನು ದಕ್ಷಿಣ ಆಫ್ರಿಕಾದ ಡ್ರಾಕೆನ್ಸ್‌ಬರ್ಗ್ ಬೆಟ್ಟದ ಪಕ್ಕ ನಿಲ್ಲಿಸಿ ‘ಅವಳಿ ಸೋದರರು’ ಎಂದಿದ್ದೀರಿ. ಎರಡೂ ಕಪ್ಪು, ಎರಡೂ ಬಸಾಲ್ಟ್ (ಲಾವಾ ಆರಿ ಆದ ಕಲ್ಲು), ಎರಡೂ ಮೆಟ್ಟಿಲು ಮೆಟ್ಟಿಲು, ಸರಿ. ಆದರೆ ಆಫ್ರಿಕಾದ್ದು ಸುಮಾರು 18.3 ಕೋಟಿ ವರ್ಷದ್ದು, ನಿಜವಾದ ಜುರಾಸಿಕ್. ನಡುವಿನ ಅಂತರವೇ ಹತ್ತಿರ ಹತ್ತಿರ 12 ಕೋಟಿ ವರ್ಷ, ಅಂದರೆ ಸಿಂಹಗಡದಿಂದ ಇವತ್ತಿನವರೆಗೆ ಕಳೆದ ಕಾಲಕ್ಕಿಂತ ಜಾಸ್ತಿ! ಇಷ್ಟು ದೂರದವರು ಅವಳಿ ಹೇಗಾಗುತ್ತಾರೆ?

ಆಫ್ರಿಕಾದ ಆ ಬೆಟ್ಟದ ನಿಜವಾದ ಒಡಹುಟ್ಟಿದವರು ಅಂಟಾರ್ಕ್ಟಿಕಾದಲ್ಲಿದ್ದಾರೆ, ಟಾಸ್ಮೇನಿಯಾದಲ್ಲಿದ್ದಾರೆ. ಆಗ ಈ ನೆಲವೆಲ್ಲ ಗೊಂಡ್ವಾನಾ ಅನ್ನುವ ಒಂದೇ ಭೂಭಾಗ. ಅದು ಒಡೆಯಲು ಶುರುವಾದ ಹೊತ್ತಿನಲ್ಲಿ ಕೆಳಗಿನ ಶಿಲಾರಸ ಮೇಲೆ ನುಗ್ಗಿ, ಆಫ್ರಿಕಾದಲ್ಲಿ ಲಾವಾ ಆಗಿ ಹರಿಯಿತು, ಟಾಸ್ಮೇನಿಯಾದಲ್ಲಿ ನೆಲದೊಳಗೇ ನಿಧಾನವಾಗಿ ಆರಿ ಡಾಲರೈಟ್ ಎಂಬ ಕಲ್ಲಾಯಿತು, ಕೊನೆಗೆ ನಡುವೆ ಸಮುದ್ರ ಬಂತು. ಮನೆ ಪಾಲಾದ ಕಥೆ ಇದು. ನೀವು ಇದಕ್ಕೆ ‘ವಿಸ್ಮಯಕಾರಿ ಸಾಮ್ಯ’ ಅಂತ ಎರಡು ಪದ ಬರೆದು ಮುಂದೆ ಹೋಗಿದ್ದೀರಿ. ಹೊಟ್ಟೆ ಉರಿಯಿತು ನನಗೆ.

ಸುಣ್ಣದಕಲ್ಲಿನ ಭಾಗ ಚೆನ್ನಾಗಿದೆ. ಫ್ರಾನ್ಸ್-ಸ್ವಿಟ್ಜರ್ಲೆಂಡ್ ಗಡಿಯ ಜೂರಾ ಬೆಟ್ಟದ ಸುಣ್ಣದಕಲ್ಲಿನಿಂದಲೇ ಈ ಕಾಲಕ್ಕೆ ಹೆಸರು ಬಂತು ಎಂದು ಹೇಳಿದ್ದೂ ಸರಿ. ಜರ್ಮನಿಯ ಸೋಲ್ನ್‌ಹೋಫನ್ ಮಾತ್ರ ಒಂದೇ ವಾಕ್ಯದಲ್ಲಿ ಮುಗಿಸಬೇಡಿ. ಅಲಗಾಡದ ನೀರಿನ ತಳದಲ್ಲಿ ಎಷ್ಟು ನುಣ್ಣಗೆ ಕೆಸರು ಕೂತಿತೆಂದರೆ, ಆ ಕಾಲದ ಹಕ್ಕಿಯಂಥ ಜೀವಿ ಆರ್ಕಿಯೋಪ್ಟೆರಿಕ್ಸ್‌ನ ಗರಿಯ ಗೆರೆ ಕೂಡ ಉಳಿಯಿತು, 1861ರಲ್ಲಿ ಸಿಕ್ಕಿತು. ಅದೇ ನುಣುಪಿಗಾಗಿಯೇ ಕಲ್ಲಚ್ಚಿಗೂ (ಕಲ್ಲಿನ ಮೇಲೆ ಬರೆದು ಮುದ್ರಿಸುವ ವಿಧಾನ) ಆ ಕಲ್ಲೇ ಬೇಕಿತ್ತು. ಅಚ್ಚಿನ ಮನೆಯ ವಾಸನೆ ಕುಡಿದವನು ನಾನು, ಇದನ್ನು ಓದಲು ನನಗೆ ಇನ್ನೊಂದು ಪುಟ ಬೇಕು. ನಮ್ಮ ದೇಶದ ಜುರಾಸಿಕ್ ಕಲ್ಲು ಬೇಕಿದ್ದರೆ ಕಛ್ ಮತ್ತು ಜೈಸಲ್ಮೇರ್ ಇವೆ. ಕಛ್‌ನಲ್ಲಿ ‘ಧೋಸಾ ಊಲೈಟ್’ ಅನ್ನುವ, ಸಣ್ಣ ಗುಂಡು ಕಾಳುಗಳು ಸೇರಿ ಆದ ಕಲ್ಲಿನ ಪದರವೇ ಇದೆ. (ದೋಸೆಗೂ ಅದಕ್ಕೂ ಸಂಬಂಧ ಇಲ್ಲ, ಜೋಕು ಮಾಡಲು ಹೋಗಬೇಡಿ.)

ನಿಮ್ಮ ಮನೆಯ ಶಹಾಬಾದಿ ಫರಶಿಯನ್ನು, ಅಂದರೆ ನೆಲಕ್ಕೆ ಹಾಸಿದ ಕಲ್ಲನ್ನು, ಮಾತ್ರ ಲೇಖನದಿಂದ ತೆಗೆದುಬಿಡಿ. ನಮ್ಮ ಕಲಬುರಗಿ ಕಡೆಯದು ಅನ್ನುವ ಅಭಿಮಾನ ನನಗೂ ಇದೆ. ಸುಣ್ಣದಕಲ್ಲೇ ಹೌದು, ಆದರೆ 50 ಕೋಟಿ ವರ್ಷಕ್ಕೂ ಹಳೆಯದು.

ಹಾಗಾದರೆ ಪುಣೆಯಲ್ಲಿ ಕೂತು ಜುರಾಸಿಕ್ ಎಲ್ಲಿಂದ ತರಲಿ ಅಂತೀರಾ? ನೀವೇ ಬರೆದಿದ್ದೀರಿ, ಕೊನೆಯ ಪುಟದಲ್ಲಿ, ಸುಮ್ನೆ ಹೋಗುತ್ತಾ: ‘ಅಜ್ಜಿಯ ದೇವರ ಮನೆಯ ಸಾಲಿಗ್ರಾಮ’. ನೇಪಾಳದ ಗಂಡಕಿ ನದಿಯ ಸಾಲಿಗ್ರಾಮಗಳಲ್ಲಿ ಹೆಚ್ಚಿನವು ಜುರಾಸಿಕ್ ಸಮುದ್ರದಲ್ಲಿದ್ದ ಚಿಪ್ಪಿನ ಜೀವಿಗಳ ಪಳೆಯುಳಿಕೆಗಳು, ಅಂದರೆ ಅಮೋನೈಟ್‌ಗಳು. ಸುರುಳಿ ಸುತ್ತಿದ ಅಂಥದೇ ಚಿಪ್ಪು ಕಛ್‌ನಲ್ಲೂ ಇದೆ, ಜೂರಾದಲ್ಲೂ ಇದೆ. ದಿನಾ ಅಭಿಷೇಕ ಮಾಡುವ ಕಲ್ಲನ್ನು ಬಿಟ್ಟು ಸಿಂಹಗಡಕ್ಕೆ ಹೋಗಿದ್ದೀರಲ್ಲಾ!

ಅಲ್ಲಿಂದ ಶುರು ಮಾಡಿ ಮತ್ತೆ ಬರೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಗಾತ್ರ ಗೊತ್ತಾಗಲಿ. ಮುಟ್ಟುವ ಮುಂಚೆ ಅಜ್ಜಿಯನ್ನು ಕೇಳಿ.